ಎರಡು ಜಿಬಿ ಡಿಸ್ಕಿನಲ್ಲಿ ಮೊದಲ ಪಾಲು ಆರಿಸಿಕೊಂಡ ಲಿನಕ್ಸ್ ಇನ್‌ಸ್ಟಾಲರಿಗೆ

ಮಾನ್ಯರೇ,

ಮಾಸಪತ್ರಿಕೆಯೊಂದರ ಉಚಿತ ಸಿ.ಡಿ.ಯೊಳಗೆ ಕುಳಿತು ಟಿಳಕವಾಡಿಯ ನಮ್ಮ ಮನೆಯ ಕಂಪ್ಯೂಟರಿಗೆ ದಯಮಾಡಿಸಿದ ತಮಗೆ ಅನಂತ ನಮಸ್ಕಾರಗಳು. ತಮ್ಮ ದಕ್ಷತೆಯನ್ನು ಹೊಗಳದೆ ದೂರು ಹೇಳುವುದು ಸಭ್ಯತೆಯಲ್ಲ. ಈ ಊರಿನಲ್ಲಿ ಒಂದು ಗೂಡಂಗಡಿ ತೆರವುಗೊಳಿಸಲು ಹತ್ತು ವರ್ಷ ಹಿಡಿಯುವುದನ್ನು ಕಂಡ ನಾನು, ತಾವು ಇಡೀ ಡಿಸ್ಕನ್ನು ನಾಲ್ಕು ನಿಮಿಷದಲ್ಲಿ ತೆರವುಗೊಳಿಸಿದ್ದಕ್ಕೆ ಬೆರಗಾಗಿದ್ದೇನೆ.

ಆ ಡಿಸ್ಕು ಬರೀ ಎರಡು ಜಿಬಿಯದು. ಅದರ ಒಂದು ಮೂಲೆಯಲ್ಲಿ ದೇಸೂರಿನ ಕಾಶವ್ವ ಹಾಡಿದ ಮುನ್ನೂರ ಹನ್ನೆರಡು ಬೀಸುವ ಹಾಡುಗಳಿದ್ದವು. ಖಾನಾಪುರದ ನನ್ನ ತಂಗಿ ಸಿದ್ದಕ್ಕ ಎರಡು ವರ್ಷ ಪ್ರತಿ ರವಿವಾರ ಪ್ಯಾಸೆಂಜರ್ ಗಾಡಿಯಲ್ಲಿ ಬಂದು ಅವನ್ನು ಟೈಪು ಮಾಡಿದ್ದಳು. ಹಾಡು ಧ್ವನಿಮುದ್ರಿಸಲು ಇದ್ದ ಒಂದೇ ಕ್ಯಾಸೆಟ್ಟನ್ನು ವಾರವಾರವೂ ಅಳಿಸಿ ಮತ್ತೆ ತುಂಬಿಸುತ್ತಿದ್ದಳಾದ್ದರಿಂದ ಬೇರೆ ಪ್ರತಿ ಇರಲಿಲ್ಲ. ಕಂಪ್ಯೂಟರಿನ ಹಳೆಯ ಕಾರ್ಯವ್ಯವಸ್ಥೆ ಹಾಡು ಟೈಪು ಮಾಡುವ ನಡುವೆಯೇ ನಿಂತುಬಿಡುತ್ತಿತ್ತು. ತಾವು ಅದರ ಬಾಜುವಿನಲ್ಲೇ ಅನ್ಯೋನ್ಯವಾಗಿ ಸಂಸಾರ ಮಾಡುವಿರೆಂದು ಪತ್ರಿಕೆ ಬರೆದಿತ್ತು. ಹಾಡುಗಳ ಕ್ಷೇಮಕ್ಕಾಗಿಯೇ ತಮ್ಮನ್ನು ಕರೆದೆ.

ಜಾಗವನ್ನು ನಾನು ಹಂಚಬೇಕೋ, ತಾವೇ ಆರಿಸಿಕೊಳ್ಳಬೇಕೋ ಎಂದು ತಾವು ಕೇಳಿದಿರಿ. ನಮ್ಮ ಮನೆತನದ ವಾಟ್ನಿಯಲ್ಲಿ, ಅಂದರೆ ಆಸ್ತಿ ಪಾಲಾಗುವಾಗ, ಕಿರಿಯವನಿಗೆ ಮೊದಲು ಆರಿಸುವ ಹಕ್ಕು. ಅರವತ್ತೆರಡರಲ್ಲಿ ಕಾಕತಿಯ ಹೊಲ ಹಂಚುವಾಗ ನಮ್ಮ ಕಾಕಾ ಮೊದಲು ಆರಿಸಿಯೂ ಬಾವಿಯಿದ್ದ ಪಾಲನ್ನು ಅಣ್ಣನಿಗೇ ಬಿಟ್ಟದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಡಿಸ್ಕಿನಲ್ಲಿ ತಾವೇ ಕಿರಿಯರು, ಆರಿಸಿಕೊಳ್ಳಿ ಎಂದೆ. ಇರುವುದೆಲ್ಲ ಅಳಿಯುತ್ತದೆ ಎಂಬ ತಮ್ಮ ಎಚ್ಚರಿಕೆಯನ್ನೂ ಓದಿದೆ, ತಮ್ಮ ಪಾಲಿಗೆ ಬರುವ ಜಾಗದ ಮಾತೆಂದೇ ತಿಳಿದು ಒಪ್ಪಿಗೆ ಒತ್ತಿದೆ. ತಾವು ಹೊಲ, ಬಾವಿ, ಬದು ಎಲ್ಲವನ್ನೂ ಆರಿಸಿಕೊಂಡು, ಕೊನೆಗೆ ನನಗೆ ಅಭಿನಂದನೆಯನ್ನೂ ತಿಳಿಸಿದಿರಿ. ಹಾಡುಗಳಿದ್ದಲ್ಲಿ ಈಗ ಏಳು ಬಗೆಯ ಇಸ್ಪೀಟಾಟಗಳಿವೆ.

ಸಿದ್ದಕ್ಕ ರವಿವಾರ ಬಂದು ಕಂಪ್ಯೂಟರ್ ನೋಡಿದಳು. "ಅಣ್ಣಾ, ಮೂವತ್ತ ವರ್ಷ ಸಾಲಿ ಮಾಸ್ತರ ಆಗಿದ್ದಿ, ಓದಾಕ ಬರತೈತಿ ಅಂತ ತಿಳಕೊಂಡಿದ್ನಿ" ಎಂದಷ್ಟೇ ಹೇಳಿ, ಚಹಾ ಕುಡಿಯದೆ ಹೋದಳು.

ಆದ್ದರಿಂದ ತಾವು ದಯಮಾಡಿ ಆ ಹಾಡುಗಳನ್ನು ಎಲ್ಲಿಗೆ ಕಳಿಸಿದಿರೋ ಅಲ್ಲಿಂದ ಮರಳಿ ಕರೆಸಬೇಕು. ಅದಾಗದಿದ್ದರೆ ಬರುವ ರವಿವಾರ ಸ್ಟೇಶನ್ನಿಗೆ ಖುದ್ದಾಗಿ ಹೋಗಿ, ಸಿದ್ದಕ್ಕನನ್ನು ಇಳಿಸಿಕೊಂಡು, ನನ್ನ ಪರವಾಗಿ ಎರಡು ಮಾತು ಆಡಬೇಕು.

ಇಷ್ಟಾದರೂ ತಮ್ಮ ವಿಶ್ವಾಸಿಯಾಗಿರಲು ಯತ್ನಿಸುತ್ತಿರುವ,
ಗುರುಪಾದಪ್ಪ

ತಾ.ಕ.: ಉತ್ತರಕ್ಕೆ ಕಾಯದೆ ದೇಸೂರಿಗೆ ಹೋಗಿ ಬಂದೆ. "ಅಳಿಸಿ ಹೋದ್ರ ಏನಾತ್ರಿ ಮಾಸ್ತರ, ನಾ ಇನ್ನೂ ಅದೀನಲ್ಲ! ಕುಂದರ್ರಿ, ಗೂಟಾ ಹಿಡೀರಿ" ಎಂದಳು ಕಾಶವ್ವ, ಬೀಸುಕಲ್ಲು ತಿರುಗದೆ ಆಕೆಗೆ ಹಾಡು ಬರುವುದಿಲ್ಲವಂತೆ. ಈಗ ಸಿದ್ದಕ್ಕನೂ ಅಲ್ಲಿಗೇ ಬಂದು ಬರೆದುಕೊಳ್ಳುತ್ತಾಳೆ, ನಾನು ಜೋಳ ಬೀಸುತ್ತೇನೆ. ಅಂಗೈಯಲ್ಲಿ ಗುಳ್ಳೆಗಳೆದ್ದಿವೆ, ನಲವತ್ತೊಂದು ಹಾಡು ಬಂದಿವೆ. ಬೀಸುಕಲ್ಲಿನ ಎದುರು ಬದಿ ಖಾಲಿಯಿದೆ. ಅಲ್ಲಿ ಜಾಗಕ್ಕೆ ಕೊರತೆಯಿಲ್ಲ, ತಾವು ಯಾರನ್ನೂ ಎಬ್ಬಿಸದೆ ಬಂದು ಕೂರಬಹುದು.