ಇಪ್ಪತ್ತಮೂರನೇ ನಂಬರಿನ ಫಲಕಕ್ಕೆ, ಫ್ಲಾರೆನ್ಸ್ ತೋರಿಸಿದ್ದಕ್ಕಾಗಿ

ಮಾನ್ಯರೇ,

ನ್ಯೂಜೆರ್ಸಿಯ ಹ್ಯಾರಿಸನ್‌ನಿಂದ, ಮೂವತ್ತೊಂದು ವರ್ಷ ಮ್ಯಾನ್‌ಹಟನ್ನಿನ ಆಫೀಸಿಗೆ ಓಡಾಡಿಯೂ ಒಂದೇ ಒಂದು ದಿನವೂ ರೈಲು ತಪ್ಪಿಸಿಕೊಳ್ಳದ ನಿವೃತ್ತ ಎಂಜಿನಿಯರ್ ಶಂಕರನಾರಾಯಣನು ಮಾಡುವ ಸಾಷ್ಟಾಂಗ ನಮಸ್ಕಾರಗಳು. ಮಂಡಿನೋವೊಂದನ್ನು ಬಿಟ್ಟರೆ ನಾನಿಲ್ಲಿ ಕ್ಷೇಮ. ತಾವೂ ಅಲ್ಲಿ ಹಡಗಿನ ಮೂರನೇ ಡೆಕ್ಕಿನ ಕಪಾಟಿನಲ್ಲಿ, ಇಪ್ಪತ್ತೆರಡು ಮತ್ತು ಇಪ್ಪತ್ತನಾಲ್ಕನೇ ನಂಬರಿನ ಸಹೋದರರ ನಡುವೆ, ಮೈಮೇಲೆ ಒಂದು ಗೀರೂ ಬೀಳದಂತೆ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ.

ಮೊದಲು ಹಡಗಿನ ಕಂಪನಿಗೇ ದೂರು ಬರೆದಿದ್ದೆ. ನನ್ನ ಅಭಿಪ್ರಾಯ ಅವರಿಗೆ ಅಮೂಲ್ಯವೆಂದೂ, ಮುಂದಿನ ವರ್ಷ ಗ್ರೀಸ್ ದೇಶವನ್ನು ಇದೇ ರೀತಿ ತೋರಿಸಲು ಕಾತರರಾಗಿದ್ದಾರೆಂದೂ ಉತ್ತರ ಬಂತು. ಆದ್ದರಿಂದ ಅಂದು ಮೂವತ್ತೆಂಟು ಜನರ ಮೇಲೆ ನಿಜವಾಗಿ ಅಧಿಕಾರ ನಡೆಸಿದ ತಮಗೇ ನೇರವಾಗಿ ಬರೆಯುತ್ತಿದ್ದೇನೆ. ತಮ್ಮ ಪರಿಚಯವಿಲ್ಲದ ಓದುಗರಿಗಾಗಿ ಒಂದು ಮಾತು: ತಾವು ಪಿಂಗ್‌ಪಾಂಗ್ ಬ್ಯಾಟಿನಷ್ಟು ಅಗಲದ ಒಂದು ಬಿಳಿ ಪ್ಲಾಸ್ಟಿಕ್ ಬಿಲ್ಲೆ, ಮೈಮೇಲೆ ನೀಲಿಯಲ್ಲಿ ೨೩ ಎಂಬ ಅಂಕಿ, ಕೆಳಗೆ ಒಂದು ಕೋಲು, ಆ ಕೋಲನ್ನು ಎತ್ತಿ ಹಿಡಿದು ಮುಂದೆ ನಡೆಯಲು ಒಬ್ಬ ಇಟಲಿಯ ಗೈಡಮ್ಮ, ಹಿಂದೆ, ಎದೆಗೆ ಅದೇ ಅಂಕಿಯ ಸ್ಟಿಕ್ಕರ್ ಅಂಟಿಸಿಕೊಂಡು, ಕತ್ತೆತ್ತಿ ತಮ್ಮನ್ನೇ ನೋಡುತ್ತಾ ಸಾಗುವ ನಾವು.

ತಮ್ಮ ಸೇವೆಗೆ ನನ್ನನ್ನು ಯಾರೂ ಬಲವಂತವಾಗಿ ದೂಡಲಿಲ್ಲ, ನಾನೇ ಬಂದು ಬಿದ್ದೆ. ನನ್ನ ಹೆಂಡತಿ ಪ್ರಭಾ ಮೈಸೂರು ಶೈಲಿಯ ಚಿತ್ರ ಬರೆಯುವವಳು. ಹಲಗೆಯ ಮೇಲೆ ಜೆಸ್ಸೋ ಎಂಬ ಗಟ್ಟಿ ಲೇಪ ಹಚ್ಚಿ ಕಿರೀಟ, ಸರ, ಕಂಬಗಳನ್ನು ಕೂದಲೆಳೆಯಷ್ಟು ಉಬ್ಬಿಸಿ, ಅದರ ಮೇಲೆ ಚಿನ್ನದ ರೇಕು ಕೂರಿಸಿ ನುಣುಪುಗಲ್ಲಿನಿಂದ ಉಜ್ಜುವ ಕೆಲಸ ಅದು. ಮೈಸೂರಿನಲ್ಲಿ ಕಲಿತಂತೆಯೇ ಮಾಡಿದರೂ ಹ್ಯಾರಿಸನ್ನಿನ ಅಪಾರ್ಟ್‌ಮೆಂಟಿನ ಚಳಿಗಾಲದ ಹೀಟರಿಗೆ ಚಿನ್ನದ ಅಂಚು ಎದ್ದು ಬರುತ್ತದೆ. ಹತ್ತು ವರ್ಷದ ಹಿಂದೆ ಬರೆದ ಸರಸ್ವತಿಯ ಚಿತ್ರದಲ್ಲಿ ಕಿರೀಟ ಸಿಪ್ಪೆ ಏಳುವುದನ್ನು ನೋಡಿ ಅವಳು ಅತ್ತದ್ದೂ ಉಂಟು. ಫ್ಲಾರೆನ್ಸ್‌ನ ದೊಡ್ಡ ಚಿತ್ರಶಾಲೆಯಲ್ಲಿ ಏಳುನೂರು ವರ್ಷದ ಹಲಗೆಗಳ ಮೇಲೆ ಚಿನ್ನ ಇನ್ನೂ ಕೂತೇ ಇದೆಯಂತೆ. ಪುಸ್ತಕದಲ್ಲಿ ಚಿನ್ನ ಬರೀ ಹಳದಿ ಬಣ್ಣವಾಗಿ ಕಾಣುತ್ತದೆ, ಎದುರಿಗೆ ನಿಂತು ಆ ಕಡೆ ಈ ಕಡೆ ಸರಿದು ನೋಡಿದರೆ ಮಾತ್ರ ಅದರ ಗುಟ್ಟು ತಿಳಿಯುತ್ತದೆ ಎಂದು ಅವಳ ಹಟ. ಆ ಊರಿನಲ್ಲಿ ಮೂರು ವಾರ ಇರೋಣ ಎಂದು ಕೇಳಿದಳು. ನಾನು, ಎಂಟು ದಿನಕ್ಕೆ ಏಳು ಊರು ತೋರಿಸುವ ಹಡಗು ಇರುವಾಗ ಒಂದೇ ಊರಿಗೆ ಮೂರು ವಾರ ಸುರಿಯುವುದು ಯಾವ ಜಾಣತನ, ಪೆಟ್ಟಿಗೆ ಬಿಚ್ಚುವ ಕಷ್ಟವೂ ಒಂದೇ ಸಲ ಎಂದು ವಾದಿಸಿ ಗೆದ್ದೆ. ಗೆದ್ದ ಉದಾರತೆಯಲ್ಲಿ, ಏನೇ ಆಗಲಿ ಆ ಚಿತ್ರಗಳ ಮುಂದೆ ನಿನ್ನನ್ನು ನಿಲ್ಲಿಸುತ್ತೇನೆ ಎಂದು ಮಾತನ್ನೂ ಕೊಟ್ಟೆ. ಅವಳು ಸುಮ್ಮನೆ ಒಪ್ಪಿಕೊಂಡು, ಹಡಗು ಫ್ಲಾರೆನ್ಸ್ ತೋರಿಸುವ ದಿನದ ಮಧ್ಯಾಹ್ನ ಒಂದೂವರೆಗೆ ಚಿತ್ರಶಾಲೆಯ ಎರಡು ಟಿಕೆಟ್ ಮನೆಯಿಂದಲೇ ತೆಗೆದಿಟ್ಟುಕೊಂಡಳು.

ಹಡಗಿನ ಪಟ್ಟಿಯಲ್ಲಿ ಆ ದಿನದ ಎದುರು ಫ್ಲಾರೆನ್ಸ್ ಎಂದೇ ಬರೆದಿತ್ತು. ಬೆಳಗ್ಗೆ ಇಳಿದು ನೋಡಿದರೆ ಕ್ರೇನುಗಳು, ಕಂಟೇನರುಗಳು, ಫ್ಲಾರೆನ್ಸ್‌ಗೆ ಬಸ್ಸಿನಲ್ಲಿ ಒಂದೂವರೆ ಗಂಟೆ ದೂರದ ಲಿವೋರ್ನೊ ಎಂಬ ಬಂದರು. ಟ್ರೆಂಟನ್ನಿನಲ್ಲಿ ಇಳಿಸಿ, ಮ್ಯಾನ್‌ಹಟನ್ ಬಂತು, ಕೆಳಗಿಳಿಯಿರಿ ಎನ್ನುವ ಈ ಧೈರ್ಯವನ್ನು ನಮ್ಮ ರೈಲಿನವರು ಇನ್ನೂ ಕಲಿತಿಲ್ಲ. ತಾವು ಮಾತ್ರ ಕಿಂಚಿತ್ತೂ ಅಳುಕದೆ ಬಸ್ಸಿನ ಬಾಗಿಲಲ್ಲಿ ತಲೆಯೆತ್ತಿ ನಿಂತಿದ್ದಿರಿ.

ಮೊದಲು ಪೀಸಾ ಎಂಬ ಊರನ್ನು ಮೂವತ್ತೈದು ನಿಮಿಷದಲ್ಲಿ ಪೂರೈಸಿದೆವು. ಬಸ್ಸು ನಿಂತ ಜಾಗದಿಂದ ಗೋಪುರದವರೆಗಿನ ನಡಿಗೆಯೂ ಶೌಚಾಲಯದ ಸಾಲೂ ಅದರೊಳಗೇ ಸೇರಿದ್ದವು. ಅಲ್ಲಿ ನೂರಾರು ಜನ ಗಾಳಿಯನ್ನು ಎರಡೂ ಕೈಯಿಂದ ಒತ್ತುತ್ತಾ, ವಾಲಿದ ಗೋಪುರವನ್ನು ಎತ್ತಿ ಹಿಡಿದಂತೆ ಫೋಟೊ ತೆಗೆಸಿಕೊಳ್ಳುತ್ತಿದ್ದರು. ನಮ್ಮ ಗುಂಪಿನಲ್ಲಿದ್ದ, ನ್ಯೂಜೆರ್ಸಿಯದೇ ಬಾಸ್ಕಿಂಗ್ ರಿಡ್ಜ್‌ನ ಸುಜಿತ್ ಮತ್ತು ಶ್ರದ್ಧಾ ದಂಪತಿಗಳು ಈ ಭಂಗಿಯಲ್ಲಿ ಹದಿನಾಲ್ಕು ಫೋಟೊ ತೆಗೆದುಕೊಂಡು, ಗೋಪುರದ ಕಡೆ ಒಮ್ಮೆಯೂ ತಿರುಗದೆ ಬಸ್ಸು ಹತ್ತಿದರು. ಆ ಮೈದಾನದಲ್ಲಿ ನೆಟ್ಟಗೆ ನಿಂತದ್ದು ತಾವೊಬ್ಬರೇ ಎಂದು ಸಾಕ್ಷಿ ನುಡಿಯಲು ನಾನು ಸಿದ್ಧ.

ಇನ್ನು ಫ್ಲಾರೆನ್ಸ್. ಆ ಊರಿನ ಬೀದಿಗಳು ಎಷ್ಟು ಅಗಲವೆಂದು ಹೇಳಲಾರೆ, ಆದರೆ ಅವುಗಳ ನಡುವೆ ತಾವು ಎಷ್ಟು ಚೆನ್ನಾಗಿ ತೂರುತ್ತೀರೆಂದು ಬಲ್ಲೆ. ಅಮೃತಶಿಲೆಯ ದೊಡ್ಡ ಇಗರ್ಜಿಯೊಂದು ತಮ್ಮ ಬೆನ್ನ ಹಿಂದೆ ಸ್ವಲ್ಪ ಕಾಲ ಇತ್ತು. ಕಿವಿಗೆ ಸಿಕ್ಕಿಸಿದ ಯಂತ್ರದಲ್ಲಿ ಗೈಡಮ್ಮ ಹೇಳುವುದು ಕೇಳಿಸುತ್ತಿತ್ತು: ಎಡಕ್ಕೆ ಕಂಚಿನ ಬಾಗಿಲು, ನಿಲ್ಲಬೇಡಿ, ಬಲಕ್ಕೆ ಗಂಟೆಗೋಪುರ, ನಿಲ್ಲಬೇಡಿ, ಮುಂದೆ ಜೇಬುಗಳ್ಳರಿದ್ದಾರೆ. ಜೇಬುಗಳ್ಳರ ವಿಷಯದಲ್ಲಿ ಮಾತ್ರ ವಿವರ ಸಾಕಷ್ಟಿತ್ತು. ಮನೆಗೆ ಬಂದು ನೋಡಿದರೆ ನನ್ನ ಎಂಬತ್ತೊಂದು ಫೋಟೊಗಳಲ್ಲಿ ಎಪ್ಪತ್ತರಲ್ಲಿ ತಾವು ದರ್ಶನವಿತ್ತಿದ್ದೀರಿ, ಫ್ಲಾರೆನ್ಸ್ ಕೂಡ ಕೆಲವುಗಳಲ್ಲಿ ಅಂಚಿಗೆ ಬಂದಿದೆ.

ಈ ವಿದ್ಯೆ ನನಗೆ ಹೊಸದೇನೂ ಅಲ್ಲ ಎಂದು ಇಲ್ಲಿ ಒಪ್ಪಿಕೊಳ್ಳಬೇಕು. ಊರಿನಿಂದ ಬಂದ ನೆಂಟರಿಗೆಲ್ಲ ಡಬ್ಬಿಯಲ್ಲಿ ಪುಳಿಯೋಗರೆ ಕಟ್ಟಿಕೊಂಡು ಬೆಳಗ್ಗೆ ಒಂಬತ್ತರಿಂದ ಸಂಜೆ ಐದರೊಳಗೆ ನ್ಯೂಯಾರ್ಕ್ ತೋರಿಸಿ ಮುಗಿಸುವುದರಲ್ಲಿ ಹ್ಯಾರಿಸನ್ನಿನ ಕನ್ನಡಿಗರ ಪೈಕಿ ನನಗೆ ಹೆಸರಿದೆ. ಸ್ವಾತಂತ್ರ್ಯದೇವಿಯನ್ನು ಫೆರಿಯಿಂದಲೇ ತೋರಿಸಿ, ಇಳಿಯಬೇಡಿ, ಇಳಿದರೆ ಎರಡು ಗಂಟೆ ಹೋಯಿತು ಎಂದು ಕೂಗಿದವನು ನಾನು. ಹಾಗೆ ಸುತ್ತಿಸಿ ತಂದ ಒಂದು ಸಂಜೆ ನನ್ನ ನಾದಿನಿ ವಿಭಾ, 'ಭಾವ, ನ್ಯೂಯಾರ್ಕ್ ಚೆನ್ನಾಗಿತ್ತು, ಆದ್ರೆ ನಂಗೆ ಜಾಸ್ತಿ ಕಂಡಿದ್ದು ನಿಮ್ಮ ಬೆನ್ನೇ' ಎಂದಿದ್ದಳು. ಹೊಗಳಿಕೆ ಎಂದುಕೊಂಡಿದ್ದೆ. ಆದರೂ ನನಗೆ ತಮ್ಮಂತೆ ಊಟಕ್ಕೆ, ನೀರಿಗೆ, ಹೆಂಡತಿಗೆ ಸೋಲದಿರುವ ಶಕ್ತಿ ಇರಲಿಲ್ಲ.

ಮಧ್ಯಾಹ್ನದ ಊಟದ ಪಾಸ್ತಾದ ವಿಷಯ ಬರೆಯುವುದಿಲ್ಲ. ಉಪ್ಪು ಹಾಕುವುದಕ್ಕೂ ಸಮಯ ಸಿಕ್ಕಿರಲಿಕ್ಕಿಲ್ಲ. ಊಟವಾದ ಮೇಲೆ ಒಂದು ಗಂಟೆ ಸ್ವತಂತ್ರ ಸಮಯ ಎಂದು ಪಟ್ಟಿಯಲ್ಲಿ ಅಚ್ಚಾಗಿತ್ತು. ಒಂದು ಇಪ್ಪತ್ತಕ್ಕೆ ಚಿತ್ರಶಾಲೆಯ ಮುಂದಿನ ಚೌಕಕ್ಕೆ ಬಂದೆವು. ಬಾಗಿಲು ಎದುರಿಗೇ ಇತ್ತು. ಅಷ್ಟರಲ್ಲಿ ಕಿವಿಯ ಯಂತ್ರ, ಕಾರ್ಯಕ್ರಮದಲ್ಲಿ ಸಣ್ಣ ಬದಲಾವಣೆ, ಮೊದಲು ಚರ್ಮದ ಕಾರ್ಖಾನೆ, ಸಮಯ ಉಳಿದರೆ ಸ್ವಾತಂತ್ರ್ಯ ಎಂದಿತು. ತಾವು ಬಲಕ್ಕೆ ತಿರುಗಿದಿರಿ. ಪ್ರಭಾ ಎದೆಯ ಮೇಲಿನ ಸ್ಟಿಕ್ಕರನ್ನು ಕಿತ್ತು ಮಡಚಿ ಪರ್ಸಿಗೆ ಹಾಕಿಕೊಂಡು, 'ನಾನು ಒಳಗೆ ಹೋಗ್ತೀನಿ, ಬನ್ನಿ' ಎಂದಳು. ನಾನು ಅವಳನ್ನು ನೋಡಿದೆ, ತಮ್ಮನ್ನೂ ನೋಡಿದೆ. ತಾವು ಮೂಲೆಯಲ್ಲಿ ಮರೆಯಾಗುತ್ತಿದ್ದಿರಿ. 'ಒಂದು ನಿಮಿಷ, ಗೈಡನ್ನ ಕೇಳ್ಕೊಂಡು ಬಂದ್ಬಿಡ್ತೀನಿ' ಎಂದು ಹೇಳಿ ತಮ್ಮ ಹಿಂದೆ ಓಡಿದೆ.

ಮಾನ್ಯರೇ, ಅರವತ್ತಾರು ವರ್ಷದವನು, ಅಮೆರಿಕದಲ್ಲಿ ಎರಡು ಸೇತುವೆ ಕಟ್ಟಿದವನು, ತನ್ನ ಹೆಂಡತಿಯ ಜೊತೆ ಒಂದು ಬಾಗಿಲೊಳಗೆ ಹೋಗಲು ಪ್ಲಾಸ್ಟಿಕ್ ಬಿಲ್ಲೆಯ ಅಪ್ಪಣೆ ಕೇಳಲು ಓಡಿದ ಈ ಪ್ರಸಂಗದಲ್ಲಿ ತಮ್ಮ ಪ್ರಭಾವವೆಷ್ಟಿತ್ತೆಂದು ಯೋಚಿಸಿ. ತಮ್ಮನ್ನು ಮುಟ್ಟುವಷ್ಟರಲ್ಲಿ ಎರಡು ಬೀದಿ ದಾಟಿಯಾಗಿತ್ತು. ಹಿಂತಿರುಗಿ ನೋಡಿದರೆ ಎಲ್ಲ ಬೀದಿಯೂ ಒಂದೇ ಥರ. ಯಂತ್ರವು, ಇಪ್ಪತ್ತಮೂರು, ಚದುರಬೇಡಿ ಎಂದಿತು. ನಾನು ಚದುರಲಿಲ್ಲ.

ಚರ್ಮದ ಕಾರ್ಖಾನೆಯಲ್ಲಿ ಐವತ್ತು ನಿಮಿಷ ಕಳೆದೆವು. ಪೀಸಾಕ್ಕಿಂತ ಹದಿನೈದು ನಿಮಿಷ ಹೆಚ್ಚು. ನಿಜವಾದ ಚರ್ಮ ಸುಡುವುದಿಲ್ಲ ಎಂದು ತೋರಿಸಲು ಒಬ್ಬರು ಲೈಟರ್ ಹಚ್ಚಿದರು, ಇನ್ನೊಬ್ಬರು ಕೇಳದೆಯೇ ನನ್ನ ಸೊಂಟಕ್ಕೆ ಬೆಲ್ಟ್ ಸುತ್ತಿದರು. ಕೊಂಡುಕೊಂಡೆ. ಅಷ್ಟರಲ್ಲಿ ಸುಜಿತ್ ಹೆಗಲ ಮೇಲೆ ಕೈಹಾಕಿ, 'ಅಂಕಲ್, ಫ್ಲಾರೆನ್ಸ್ ಡನ್, ಟುಮಾರೋ ರೋಮ್ ಮುಗಿಸಿಬಿಟ್ರೆ ಇಟಲಿ ಆಯ್ತು' ಎಂದ. ಬಸ್ಸಿನ ತನಕ ಮುಕ್ಕಾಲು ಗಂಟೆ ನಡೆಯಬೇಕಾಗಿತ್ತು, ಸ್ವಾತಂತ್ರ್ಯಕ್ಕೆ ಸಮಯ ಉಳಿಯಲಿಲ್ಲ. ಮೂರೂಕಾಲಿಗೆ ಬಸ್ಸಿನ ಬಳಿ ಫೋನು ಮಿಡಿಯಿತು. 'ಈಗ ಹೊರಗೆ ಬಂದೆ. ಟ್ರೇನಲ್ಲಿ ಬರ್ತೀನಿ. ನೀವು ಬಸ್ಸಲ್ಲೇ ಹೋಗಿ' ಎಂದು ಪ್ರಭಾಳ ಸಂದೇಶ. ಆಗಲೂ ನನಗೆ ಒಂದು ಅವಕಾಶವಿತ್ತು. ಹೋಗಿ ಎಂದಿದ್ದಾಳಲ್ಲ ಎಂದು ಬಸ್ಸು ಹತ್ತಿದೆ.

ಗೈಡಮ್ಮ ತಲೆ ಎಣಿಸಿ, ಮೂವತ್ತೇಳು ಎಂದು ನಿಟ್ಟುಸಿರು ಬಿಟ್ಟು, ಹಡಗು ಯಾರಿಗೂ ಕಾಯುವುದಿಲ್ಲ ಎಂದು ನನಗೆ ಮೂರು ಸಲ ತಿಳಿಸಿ, ತಮ್ಮನ್ನು ಇಡಲು ಜಾಗ ಹುಡುಕಿ, ಕೊನೆಗೆ ನನ್ನ ಪಕ್ಕದ ಖಾಲಿ ಸೀಟಿನಲ್ಲಿ ಕೂರಿಸಿದರು. ಪ್ರಭಾಳ ಸೀಟು ಅದು. ಹೆದ್ದಾರಿಯಲ್ಲಿ ಯಾವುದೋ ಲಾರಿ ಮಗುಚಿ ಎರಡು ಸಾಲು ಮುಚ್ಚಿದ್ದರಿಂದ ಸುಮಾರು ಮೂರು ಗಂಟೆ ನಾವಿಬ್ಬರೂ ಅಕ್ಕಪಕ್ಕ ಕುಳಿತಿದ್ದೆವು. ಆರೂವರೆಗೆ ಹಡಗಿನ ಬಾಗಿಲು ಮುಚ್ಚುತ್ತದೆ. ಅವಳಿಗೆ ಆ ಭಾಷೆ ಬಾರದು, ಬಂದರು ನಿಲ್ದಾಣದಿಂದ ಎಷ್ಟು ದೂರವೋ ತಿಳಿಯದು, ಫೋನಿನಲ್ಲಿ ಚಾರ್ಜ್ ಇದೆಯೋ ಇಲ್ಲವೋ. ತಿರುವಿನಲ್ಲಿ ತಾವು ಜಾರಿ ನನ್ನ ಮಡಿಲಿಗೆ ಬಿದ್ದಾಗ, ನಾಚಿಕೆಯ ಮಾತು, ಎತ್ತಿ ಮತ್ತೆ ಸೀಟಿನಲ್ಲಿ ನೆಟ್ಟಗೆ ಕೂರಿಸಿದೆ.

ಆರು ಇಪ್ಪತ್ತಕ್ಕೆ ಎದ್ದೆನೋ ಬಿದ್ದೆನೋ ಎಂದು ಹಡಗು ಹತ್ತಿದರೆ ಪ್ರಭಾ ಸ್ನಾನ ಮಾಡಿ, ಡೆಕ್ಕಿನ ಕುರ್ಚಿಯಲ್ಲಿ ಕಾಫಿ ಕುಡಿಯುತ್ತಾ ಕುಳಿತಿದ್ದಳು. ನಾಲ್ಕರೊಳಗೆ ಒಂದು ರೈಲಿತ್ತಂತೆ, ಹ್ಯಾರಿಸನ್ನಿನಂತೆಯೇ ಬೋರ್ಡು ನೋಡಿ ಹತ್ತಿದಳಂತೆ, ಐದೂವರೆಗೇ ಬಂದು ತಲುಪಿದಳಂತೆ. ಅವಳ ಮುಖದಲ್ಲಿ ನಾನು ವರ್ಷಗಟ್ಟಲೆ ಕಾಣದ ಹೊಳಪಿತ್ತು. 'ಚಿನ್ನದ ಕೆಳಗೆ ಕೆಂಪು ಮಣ್ಣಿದೆ ಕಣ್ರೀ' ಎಂದಳು. 'ಸವೆದ ಕಡೆ ಕಾಣತ್ತೆ. ತೆಳ್ಳಗೆ, ಕುಂಕುಮದ ಹಾಗೆ. ಅದರ ಮೇಲೆ ಚಿನ್ನ ಕೂರಿಸಿದಾರೆ, ಅದಕ್ಕೇ ಅಷ್ಟು ಮೆತ್ತಗೆ ಬೆಳಗತ್ತೆ.' ಒಂದೂವರೆ ಗಂಟೆ ಒಂದೇ ಕೋಣೆಯಲ್ಲಿ ನಿಂತಿದ್ದಳಂತೆ. ನೀವೇನು ನೋಡಿದಿರಿ ಎಂದು ಕೇಳಿದಳು. ಬೆಲ್ಟ್ ತೋರಿಸಿದೆ. ಅವಳು ಬೈಯಲಿಲ್ಲ. ಕಪ್ಪು ಕೆಳಗಿಟ್ಟು, 'ಮೂರು ಗಂಟೆವರೆಗೂ ಬಾಗಿಲ ಕಡೆ ನೋಡ್ತಾನೇ ಇದ್ದೆ. ನಿಮ್ಮ ಟಿಕೆಟ್ಟೂ ನನ್ನ ಹತ್ರಾನೇ ಇತ್ತಲ್ಲ, ಬಂದು ಹೊರಗಡೆ ನಿಂತಿದೀರೇನೋ ಅಂತ ಎರಡು ಸಲ ಕೆಳಗಿಳಿದು ಬಂದೆ' ಎಂದಳು.

ಹೀಗೆ, ಏಳುನೂರು ವರ್ಷದ ಚಿನ್ನದ ಮುಂದೆ ಸಿಕ್ಕ ಒಂದೂವರೆ ಗಂಟೆಯಲ್ಲಿ ಎರಡು ಸಲ ಅವಳನ್ನು ಮೆಟ್ಟಿಲಿಳಿಸಿದ ಕೀರ್ತಿ ತಮಗೂ ನನಗೂ ಜಂಟಿಯಾಗಿ ಸಲ್ಲತಕ್ಕದ್ದು. ನನ್ನ ಪಾಲನ್ನು ತಮ್ಮ ಹೆಸರಿಗೆ ವರ್ಗಾಯಿಸಿಕೊಳ್ಳಬೇಕೆಂಬುದೇ ಈ ಪತ್ರದ ಮೊದಲ ಕೋರಿಕೆ. ಎರಡನೆಯದಾಗಿ, ನಾನು ಫ್ಲಾರೆನ್ಸ್ ನೋಡಿದ್ದೇನೆಂದು ತಮ್ಮ ಸ್ವಹಸ್ತದಿಂದ ಒಂದು ಸರ್ಟಿಫಿಕೇಟ್ ಬರೆದುಕೊಡಬೇಕು, ನಮ್ಮ ಕನ್ನಡ ಸಂಘದ ಯುಗಾದಿ ಊಟದಲ್ಲಿ ಜನ ಕೇಳುತ್ತಾರೆ. ಆ ಚೌಕದಲ್ಲಿ ನಾನು ಪ್ರಭಾಳಿಂದ ಪಡೆದ ಒಂದು ನಿಮಿಷವನ್ನು ತಾವು ಎಲ್ಲಿ ಬಚ್ಚಿಟ್ಟಿದ್ದೀರೋ ಅಲ್ಲಿಂದ ತೆಗೆದು ಹಿಂದಿರುಗಿಸಿದರೆ ಉಳಿದ ದೂರುಗಳನ್ನೆಲ್ಲ ಮರೆಯಲು ಸಿದ್ಧನಿದ್ದೇನೆ. ಅದೂ ಆಗದಿದ್ದರೆ, ಗ್ರೀಸ್‌ಗೆ ಹೊರಟ ಮೂವತ್ತೆಂಟು ಜನರ ಮುಂದೆ ಒಂದೇ ಒಂದು ಸಲ, ಯಾವುದಾದರೊಂದು ಒಳ್ಳೆಯ ಬಾಗಿಲು ಬಂದಾಗ, ದಯವಿಟ್ಟು ಕೆಳಗೆ ಬಿದ್ದುಬಿಡಿ.

ಅಂದು ಒಂದು ಹೆಜ್ಜೆಯೂ ಅತ್ತಿತ್ತ ಇಡದೆ ತಮ್ಮನ್ನು ಹಿಂಬಾಲಿಸಿದ,

ತಮ್ಮ ವಿಶ್ವಾಸಿ,
ಶಂಕರನಾರಾಯಣ
ಹ್ಯಾರಿಸನ್, ನ್ಯೂಜೆರ್ಸಿ

ವಿ. ಸೂ.: ಬರುವ ಏಪ್ರಿಲ್‌ನಲ್ಲಿ ಪ್ರಭಾ ಫ್ಲಾರೆನ್ಸ್‌ನಲ್ಲಿ ಮೂರು ವಾರಕ್ಕೆ ಒಂದು ಕೋಣೆ ಹಿಡಿದಿದ್ದಾಳೆ. ವಿಮಾನದ ಟಿಕೆಟ್ ಸದ್ಯಕ್ಕೆ ಒಂದೇ. ತಪ್ಪು ಯಾರದೆಂದು ಅವಳಿಗೂ ಮನವರಿಕೆಯಾಗಲಿ, ಇನ್ನೊಂದು ಟಿಕೆಟ್ಟಿನ ಮಾತು ಎತ್ತಲು ಅನುಕೂಲವಾಗಲಿ ಎಂಬ ಆಸೆಯಿಂದ ಈ ಪತ್ರವನ್ನು ಮೊದಲು ಅವಳಿಗೇ ಓದಲು ಕೊಟ್ಟೆ. ಪೂರ್ತಿ ಓದಿ, ಎರಡು ಕಡೆ ನಕ್ಕು, ಹಾಳೆಗಳನ್ನು ಸರಿಯಾಗಿ ಜೋಡಿಸಿ ವಾಪಸು ಕೊಡುತ್ತಾ ಹೇಳಿದಳು: 'ಚೆನ್ನಾಗಿ ಬೈದಿದೀರಿ. ಆದ್ರೆ ಆ ಬೋರ್ಡಿಗೆ ಕಾಲಿರ್ಲಿಲ್ಲ ಕಣ್ರೀ. ನಿಮಗಿತ್ತು.'