ಕಾಳೇನಕೊಪ್ಪಲು ಮೈದಾನದಲ್ಲಿ ಮೇಯುವವರು

ಕಾಳೇನಕೊಪ್ಪಲಿನ ಕ್ರಿಕೆಟ್ ಮೈದಾನವು ಕ್ರಿಕೆಟ್ ಮೈದಾನವಲ್ಲ, ಅದು ಗೋಮಾಳ. ಮಳವಳ್ಳಿ ತಾಲ್ಲೂಕಿನಲ್ಲಿ, ಬಂಡೂರಿಗೆ ಹೋಗುವ ರಸ್ತೆಯ ಎಡಕ್ಕೆ, ಎರಡು ಕಡೆ ಕಬ್ಬಿನ ಗದ್ದೆ, ಒಂದು ಕಡೆ ನಾಲೆ, ಇನ್ನೊಂದು ಕಡೆ ಮಾದಯ್ಯನವರ ತಿಪ್ಪೆ ಇರುವ ಈ ಜಾಗದಲ್ಲಿ ಒಂದು ತಲೆಮಾರಿನಿಂದ ಆಟ ನಡೆದಿದೆ. ಆದರೂ ಅಲ್ಲಿ ಹೊಡೆದ ಯಾವ ಸಿಕ್ಸರನ್ನೂ ಸರ್ಕಾರ ಈವರೆಗೆ ಗಮನಿಸಿಲ್ಲ.

ಮೈದಾನದ ಇತಿಹಾಸ ಹೀಗಿದೆ. ಮೊದಮೊದಲು ಆಡಿದವರಿಗೆ ಪಿಚ್ ಎಂದರೇನೆಂದು ಗೊತ್ತಿರಲಿಲ್ಲ, ಕಣ ಎಂದರೇನೆಂದು ಗೊತ್ತಿತ್ತು. ಆದ್ದರಿಂದ ರಾಗಿ ಕಣ ಮಾಡುವ ಹಾಗೆಯೇ ಮಣ್ಣು ಬಡಿದು, ರೋಣಗಲ್ಲು ಎಳೆದು, ಸಗಣಿ ಸಾರಿಸಿ ಪಿಚ್ ಮಾಡಿದರು. ಬಿಳಿಯ ಚೆಂಡು ಒಂದು ಸಾರಿ ನೆಲಕ್ಕೆ ಬಿದ್ದರೆ ಹಸಿರಾಗಿ ಏಳುತ್ತಿತ್ತು. ಉಳಿದ ಹುಲ್ಲನ್ನು ಚಿಕ್ಕಬೋರಮ್ಮನ ಬಂಡೂರು ಕುರಿಗಳು ನೋಡಿಕೊಂಡವು. ಗಿಡ್ಡ ಕಾಲಿನ ಆ ಕುರಿಗಳು ಬೇರೆ ಊರುಗಳಲ್ಲಿ ಯಂತ್ರ ಮಾಡುವ ಕೆಲಸವನ್ನು ಬಾಯಲ್ಲೇ ಮುಗಿಸುತ್ತಿದ್ದವು. ಚೆಂಡು ನಿಂತ ಕುರಿಗೆ ತಗುಲಿದರೆ ಎರಡು ರನ್ನು, ಮಲಗಿದ ಕುರಿಗೆ ತಗುಲಿದರೆ ಒಂದು ಎಂಬ ನಿಯಮವನ್ನು ಹೊಳಲಿನಿಂದ ಬಂದ ತಂಡದವರೂ ತಕರಾರಿಲ್ಲದೆ ಒಪ್ಪಿದ್ದರು.

ಈಗಿನ ಕ್ಯಾಪ್ಟನ್ ಅಶ್ಫಾಕ್. ಊರ ಸರ್ಕಲ್ಲಿನಲ್ಲಿ ಬೈಕ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ಅವನು ವಾರವೆಲ್ಲ ಗ್ರೀಸಿನಲ್ಲಿ ಮುಳುಗಿದ್ದರೂ ಬದುಕುತ್ತಿದ್ದುದು ಭಾನುವಾರಕ್ಕಾಗಿ. ಹೆಂಡತಿ ಜಾಕಿಯಾಗೆ ಇದು ಗೊತ್ತಿತ್ತು. ಸಂತೋಷದಿಂದ ಗೊತ್ತಿತ್ತು ಎನ್ನಲಾಗದು.

ಹೀಗಿರಲು ಮೇಯುವಿಕೆ ದೃಢೀಕರಣ ಕೋಶ ಎಂಬ ಹೊಸ ಕಚೇರಿಯಿಂದ ಸುತ್ತೋಲೆ ಬಂತು. 'ಮೇಯುವ ಜೀವಿಗಳಿಲ್ಲದ ಗೋಮಾಳಗಳನ್ನು ನಿವೇಶನಗಳಾಗಿ ವಿಂಗಡಿಸತಕ್ಕದ್ದು. ಜೀವಿಗಳಿವೆ ಎನ್ನುವವರು ಸದರಿ ಜೀವಿಗಳನ್ನು ಖುದ್ದು ಹಾಜರುಪಡಿಸತಕ್ಕದ್ದು.' ನಿವೇಶನ ಮಾರುವವರು ಆಗಲೇ ನಾಲೆ ಏರಿಯ ಮೇಲೆ ಗೆರೆ ಎಳೆಯಲು ಸುಣ್ಣದ ಪುಡಿ ಹಿಡಿದು ನಿಂತಿದ್ದರು. ಅಶ್ಫಾಕ್ ಸ್ಪ್ಯಾನರ್ ಕೆಳಗಿಟ್ಟ. ಓಡಿದ ಚಿಕ್ಕಬೋರಮ್ಮನ ಮನೆಗೆ.

"ಅವ್ವಾ, ನಿನ್ ಕುರಿಗಳೇ ನಮ್ ಗ್ರೌಂಡ್ ಉಳಿಸ್ಬೇಕು ಕಣವ್ವಾ."

"ಉಳಿಸ್ಲಿ ಬುಡ್ಲಾ. ದಿನಾ ಅಲ್ಲೇ ತಾನೆ ಮೇಯಾದು?"

ಪರಿಶೀಲನಾಧಿಕಾರಿ ಶಶಿಧರ್ ಸಾಹೇಬರು ಜೀಪಿನಲ್ಲಿ ಬಂದರು. ಮೂವತ್ತು ಕುರಿ ಎಣಿಸಿದರು. ಬಾಯಿ ಆಡುತ್ತಿದೆಯೇ ಎಂದು ಬಗ್ಗಿ ನೋಡಿ, 'ಮೇಯುತ್ತಿವೆ' ಎಂದು ಬರೆದುಕೊಂಡು ಹೊರಟರು. ಆಟ ಅಲ್ಲಿಗೆ ಗೆದ್ದಂತೆಯೇ ಇತ್ತು. ಆದರೆ ಪಂಚಾಯ್ತಿಯ ಮಾಜಿ ಸದಸ್ಯರಾದ ಮಾದಯ್ಯ ಜೀಪಿಗೆ ಅಡ್ಡ ನಿಂತರು.

ಕಾಳೇನಕೊಪ್ಪಲಿಗೆ ಬಂದ ಅಧಿಕಾರಿ ಬಾಡೂಟ ಉಣ್ಣದೆ ಹೋದ ಉದಾಹರಣೆ ಇಲ್ಲ. ಮನೆಬಾಗಿಲಲ್ಲೇ ಬಂಡೂರು ಕುರಿ ಇಟ್ಟುಕೊಂಡು ಅಂಗಡಿ ಮಾಂಸ ತಂದು ಬಡಿಸಿದ ಉದಾಹರಣೆಯೂ ಇಲ್ಲ. ಆದ್ದರಿಂದ ಅಂದು ಎಣಿಸಲಾದ ಮೂವತ್ತರಲ್ಲಿ ಎರಡನ್ನು ಎಣಿಸಿದವರಿಗೇ ಬಡಿಸಲಾಯಿತು. ಸಾಹೇಬರು ಮುದ್ದೆಯ ಮೇಲೆ ಇನ್ನೊಂದು ಮುದ್ದೆ ಹಾಕಿಸಿಕೊಂಡರು.

ಮುಂದಿನ ವಾರ ಎಣಿಕೆಯನ್ನು ಖಚಿತಪಡಿಸಲು ಬಂದ ಇನ್ನೊಬ್ಬ ಅಧಿಕಾರಿಗೆ ಇಪ್ಪತ್ತೆಂಟೇ ಸಿಕ್ಕವು. 'ವ್ಯತ್ಯಾಸ ಕಂಡುಬಂದಿದೆ' ಎಂದು ಅವರು ಊಟದ ನಂತರ ವರದಿ ಮಾಡಿದರು. ವ್ಯತ್ಯಾಸವನ್ನು ವಿಚಾರಿಸಲು ತಂಡ ಬಂತು, ತಂಡಕ್ಕೂ ಹಸಿವಾಯಿತು. ವ್ಯತ್ಯಾಸ ಹೆಚ್ಚಿದಂತೆ ವಿಚಾರಣೆಯ ಮಟ್ಟ ಏರಿತು. ಮಟ್ಟ ಏರಿದಂತೆ ಜೀಪುಗಳು ಹೆಚ್ಚಿದವು. ಜೀಪುಗಳು ಹೆಚ್ಚಿದಂತೆ ವ್ಯತ್ಯಾಸವೂ ಹೆಚ್ಚಿತು. ಪ್ರತಿ ವರದಿಯ ಕೊನೆಯಲ್ಲೂ 'ಕುರಿಗಳು ಕಡಿಮೆಯಾಗುತ್ತಿರುವುದಕ್ಕೆ ಕಾರಣ ತಿಳಿದುಬಂದಿಲ್ಲ. ಗ್ರಾಮಸ್ಥರ ಸಹಕಾರ ಉತ್ತಮವಾಗಿದೆ' ಎಂದಿರುತ್ತಿತ್ತು.

"ನನ್ ಕುರಿ ತಿಂದು, ಕೈ ತೊಳ್ಕೊಂಡು, 'ಕುರಿ ಎಲ್ಲಮ್ಮಾ' ಅಂತ ನನ್ನೇ ಕೇಳ್ತರಲ್ಲಾ!" ಎಂದಳು ಚಿಕ್ಕಬೋರಮ್ಮ. ಊರವರು ಚಂದಾ ಎತ್ತಿ ಬೆಲೆ ಕಟ್ಟಿಕೊಡುತ್ತಿದ್ದರು, ಇಲ್ಲವೆಂದಲ್ಲ. "ದುಡ್ಡು ಮೇಯ್ತದೇನ್ಲಾ?" ಎಂದು ಅವಳು ಅಶ್ಫಾಕನನ್ನು ಕೇಳಿದಳು.

ಅವನು ಮಾದಯ್ಯನವರ ಜಗಲಿ ಹತ್ತಿದ.

"ಮಾದಣ್ಣ, ಇಂಗೇ ಆದ್ರೆ ಗ್ರೌಂಡ್ ಒಂಟೋಯ್ತದೆ. ಮುಂದಿನ್ ಸಾರಿ ಉಪ್ಪಿಟ್ಟು ಕೊಟ್ಟು ಕಳಿಸ್ಬುಡವಾ."

ಮಾದಯ್ಯ ಎಲೆಅಡಿಕೆ ಉಗಿದು ಬಂದು ಕೂತರು. "ಏನಂದೆ? ಉಪ್ಪಿಟ್ಟಾ? ಮನೆಗ್ ಬಂದ ಆಫೀಸರ್‌ಗೆ ಉಪ್ಪಿಟ್ಟು ಇಕ್ಕುದ್ರು ಅಂತ ಮದ್ದೂರ್ ಗಂಟ ಸುದ್ದಿ ಓಯ್ತದೆ ಕಣ್ಲಾ. ಆಮೇಲೆ ಈ ಊರ್ಗೆ ಎಣ್ಣು ಕೊಡೋರ್ ಯಾರು?"

"ಗ್ರೌಂಡು?"

"ಗ್ರೌಂಡ್ ಓದ್ರೆ ಇನ್ನೊಂದ್ ಮಾಡ್ಕೊಬೋದು. ಮಾನ ಓದ್ರೆ ಎಲ್ಲಿ ತರ್ತೀಯೆ?"

ಊರಿನವರು ಇದನ್ನು ಒಪ್ಪಿದರು. ಅಶ್ಫಾಕ್ ಕೂಡ ಅರ್ಧ ಒಪ್ಪಿದ. ಅವನೂ ಅದೇ ಊರಿನವನಲ್ಲವೇ.

ಕೊನೆಗೆ ಒಂದೇ ಕುರಿ ಉಳಿಯಿತು. ಚಿಕ್ಕಬೋರಮ್ಮ ಅದನ್ನು ನಡುಮನೆಯಲ್ಲಿ ಕಟ್ಟಿ, ಬಾಗಿಲಿಗೆ ಅಡ್ಡ ಕೂತಳು. ಅಂತಿಮ ಪರಿಶೀಲನೆಗೆ ಶಶಿಧರ್ ಸಾಹೇಬರೇ ನಾಲ್ಕು ಜೀಪಿನಲ್ಲಿ ಬಂದರು. ಕುರಿ ಒಂದು ಎಂದು ದಾಖಲಿಸಿದರು. ಒಂದಿದ್ದರೂ ಸಾಕು, ಗೋಮಾಳ ಗೋಮಾಳವೇ ಎಂದು ನಿಯಮ ಓದಿ ಹೇಳಿದರು. ಅಶ್ಫಾಕ್ ಕಣ್ಣು ಮುಚ್ಚಿ ದೇವರನ್ನು ನೆನೆದ. ಕಣ್ಣು ಬಿಟ್ಟಾಗ ಮಾದಯ್ಯ ಚಿಕ್ಕಬೋರಮ್ಮನ ಬಾಗಿಲಲ್ಲಿ ಕೈ ಮುಗಿದು ನಿಂತಿದ್ದರು.

"ಊರ ಮಾನ ನಿನ್ ಕೈಲದೆ ಕಣಮ್ಮ."

ಅವಳು ಬಹಳ ಹೊತ್ತು ಬೈದಳು. ಆಮೇಲೆ ಎದ್ದು ಪಕ್ಕಕ್ಕೆ ಸರಿದಳು.

ಊಟವಾದ ಮೇಲೆ ಸಾಹೇಬರು ಮೈದಾನದ ಬದುವಿನಲ್ಲಿ ನಿಂತು ನೋಡಿದರು. ಕುರಿ ಇರಲಿಲ್ಲ. ನಾಲೆ ಏರಿಯ ಮೇಲಿದ್ದವರು ಸುಣ್ಣದ ಪುಡಿಯ ಚೀಲ ಬಿಚ್ಚಿದರು. ಅಶ್ಫಾಕ್ ಪಿಚ್ಚಿನ ಮೇಲೆ ಕುಕ್ಕರುಗಾಲಲ್ಲಿ ಕೂತು ಮಣ್ಣು ಸವರಿದ. ಅವನ ಅಪ್ಪ ಬಾಬು ಜಾನ್ ಎಳೆದ ರೋಣಗಲ್ಲಿನ ಸಾಲು ಆ ಮಣ್ಣಿನಡಿ ಇತ್ತು.

"ಸಾರ್, ಏನಾದ್ರೂ ದಾರಿ ಇಲ್ವಾ?"

ಸಾಹೇಬರು ಕಟುಕರಲ್ಲ, ಈ ಊರಿನ ಉಪ್ಪು ಅವರ ಹೊಟ್ಟೆಯಲ್ಲಿ ಸಾಕಷ್ಟಿತ್ತು. ನಿಯಮದ ಪುಸ್ತಕ ತೆರೆದು ಗಟ್ಟಿಯಾಗಿ ಓದಿದರು. "ಮೇಯುವ ಜೀವಿ ಎಂದರೆ ಗೋಮಾಳದಲ್ಲಿ ಗುಂಪಾಗಿ ಓಡಾಡುವ, ಬಿಸಿಲಿಗೆ ಅಂಜದ, ಯಾರಾದರೂ ಬಂದು ಕರೆಯುವ ತನಕ ಮನೆಗೆ ಹೋಗದ ಯಾವುದೇ ಜೀವಿ."

ಎಲ್ಲರೂ ಪಿಚ್ಚಿನ ಸುತ್ತ ನಿಂತಿದ್ದ ಕ್ರಿಕೆಟ್ ತಂಡದ ಕಡೆ ನೋಡಿದರು.

"ಸಾರ್, ಹುಲ್ಲು ತಿನ್ಬೇಕಲ್ವಾ?" ಎಂದ ಅಶ್ಫಾಕ್.

"ಎಷ್ಟು ತಿನ್ನಬೇಕು ಅಂತ ಇಲ್ಲಿ ಹೇಳಿಲ್ಲ," ಎಂದರು ಸಾಹೇಬರು. ವಿಕೆಟ್ ಕೀಪರ್ ಸ್ವಾಮಿ, ಊರಿನಲ್ಲೇ ದಪ್ಪನೆಯ ಆಳು, ಎಂದಿನಂತೆ ಗರಿಕೆ ಎಸಳೊಂದನ್ನು ಕಚ್ಚಿಕೊಂಡು ನಿಂತಿದ್ದ. ಸಾಹೇಬರು ಬಗ್ಗಿ ನೋಡಿ ಬರೆದುಕೊಂಡರು: 'ಮೇಯುತ್ತಿವೆ. ಒಟ್ಟು ಹನ್ನೊಂದು.'

ಮರುವಾರ ಪಶುವೈದ್ಯರು ಬಂದು ಹನ್ನೊಂದು ಮಂದಿಯ ಕಿವಿಗೂ ಹಳದಿ ಬಿಲ್ಲೆ ಚುಚ್ಚಿದರು, ಕಾಲುಬಾಯಿ ಜ್ವರಕ್ಕೆ ಸೂಜಿಯನ್ನೂ ಹಾಕಿದರು. ಅಶ್ಫಾಕ್ ಮೊದಲು ಕಿವಿ ಕೊಟ್ಟ. ಕಿವಿಯ ತೂತು ಮುಚ್ಚಿಕೊಳ್ಳುತ್ತದೆ, ಮೈದಾನ ಹೋದರೆ ಹೋಯಿತು ಎಂದು ತಂಡಕ್ಕೆ ಹೇಳಿದ. ಜಾಕಿಯಾ ಬಿಲ್ಲೆಯನ್ನು ತಿರುಗಿಸಿ ನೋಡಿ, "ಈ ಕಡೆ ಮಲ್ಕೊಬೇಡ, ಚುಚ್ಚುತ್ತೆ," ಎಂದಷ್ಟೇ ಹೇಳಿದಳು.

ಜೀವಿಗಳಿಗೆ ಒಡೆಯರಿರಬೇಕಾದ್ದರಿಂದ ಆ ಹನ್ನೊಂದನ್ನೂ ಚಿಕ್ಕಬೋರಮ್ಮನ ಹೆಸರಿಗೆ ಬರೆಯಲಾಯಿತು. ಅವಳು ಮೊದಲು ಉಗಿದಳು, ನಂತರ ಕೋಲು ಹಿಡಿದಳು. ಸಂಜೆ ಎಷ್ಟೇ ಬಿರುಸಿನ ಆಟವಿರಲಿ, "ನಡೀರ್ಲಾ, ಒತ್ತು ಮುಳುಗ್ತು!" ಎಂದು ಎಲ್ಲರನ್ನೂ ಒಟ್ಟುಗೂಡಿಸಿ ಹೊಡೆದುಕೊಂಡು ಹೋಗುತ್ತಿದ್ದಳು. ಮದ್ದೂರಿನ ತಂಡ ಆಡಲು ಬಂದಾಗ ಹೊರತಾಲ್ಲೂಕಿನ ಜೀವಿಗಳೆಂದು ಆರೋಗ್ಯ ಪ್ರಮಾಣಪತ್ರ ಕೇಳಲಾಯಿತು. ಅವರು ತಂದಿದ್ದರು.

ವರ್ಷ ಕಳೆದು ವಾರ್ಷಿಕ ಪರಿಶೀಲನೆಗೆ ಶಶಿಧರ್ ಸಾಹೇಬರು ಮತ್ತೆ ಬಂದರು. ಹನ್ನೊಂದನ್ನೂ ಸಾಲಾಗಿ ನಿಲ್ಲಿಸಿ ಎಣಿಸಿದರು, ಲೆಕ್ಕ ಸರಿಯಿತ್ತು. ಮಾದಯ್ಯ ಎಂದಿನಂತೆ ಜೀಪಿಗೆ ಅಡ್ಡ ನಿಂತು, ಉಂಡು ಹೋಗಲೇಬೇಕು ಎಂದರು. ಸಾಹೇಬರು ಸಾಲಿನ ಉದ್ದಕ್ಕೂ ನಡೆದು ಸ್ವಾಮಿಯ ಹತ್ತಿರ ನಿಂತರು. ಸಂತೆಯಲ್ಲಿ ಕುರಿ ನೋಡುವ ಹಾಗೆ ಅವನ ಸೊಂಟದ ಮೇಲೆ ಬೆರಳೂರಿ, ಬೆನ್ನನ್ನು ಮೆಲ್ಲಗೆ ಅಮುಕಿದರು.

"ಇನ್ನೊಂದ್ ತಿಂಗ್ಳು ಬುಡಿ ಸಾ," ಎಂದರು ಮಾದಯ್ಯ. "ಇನ್ನೂ ಚೆನ್ನಾಗ್ ಮೈ ಕಟ್ತದೆ."

ಸಾಹೇಬರು ತಲೆಯಾಡಿಸಿ ದಿನಾಂಕ ಗುರುತು ಹಾಕಿಕೊಂಡರು. ಊರಿನವರು ಅಂದಿಗೆ ಕೋಳಿ ಕೊಯ್ದು, ಕೋಳಿಗಾಗಿ ಕ್ಷಮೆ ಕೇಳಿದರು.

ಮಾರನೆಯ ಬೆಳಿಗ್ಗೆ ಅಶ್ಫಾಕ್ ಅಂಗಡಿ ತೆರೆಯುವ ಮೊದಲು ಮೈದಾನಕ್ಕೆ ಹೋದ. ಎರಡು ರನ್ನಿಗೆಂದೂ ಓಡದಿದ್ದ ಸ್ವಾಮಿ ಬೆವರು ಸುರಿಸುತ್ತ ಬೌಂಡರಿ ಸುತ್ತುತ್ತಿದ್ದ.

"ಕ್ಯಾಪ್ಟನ್, ಇನ್ನೊಂದ್ ರೌಂಡ್ ಓಡ್ಲಾ?"

"ಓಡು," ಎಂದ ಅಶ್ಫಾಕ್. ಆಮೇಲೆ ತನ್ನ ಸೊಂಟವನ್ನು ಒಂದು ಸಾರಿ ಅಮುಕಿ ನೋಡಿಕೊಂಡು, ತಾನೂ ಹಿಂದೆ ಓಡಿದ.