ಒಡೆಯನನ್ನು ಬಿಡದ ಲ್ಯಾಟಿನ್ ವ್ಯಾಕರಣ

ನನಗೆ ಹಳೆಯ ಪುಸ್ತಕ ತರುವುದು ಗೊತ್ತು, ಸಾಗಹಾಕುವುದು ಗೊತ್ತಿಲ್ಲ. ಅರ್ಥವಾಗದ ಪುಸ್ತಕವಾದರೂ ಕಾಲಿಗೆ ತಗುಲಿದರೆ ಕಣ್ಣಿಗೊತ್ತಿಕೊಳ್ಳುವ ಜಾಯಮಾನ ನಮ್ಮದು. ಹಾಗೆ ಒತ್ತಿಕೊಂಡದ್ದನ್ನು ರದ್ದಿಗೆ ಹಾಕುವುದು ಹೇಗೆ? ನಂಜನಗೂಡಿನ ನಮ್ಮ ಮನೆಯಲ್ಲಿ ಬೀರು ತುಂಬಿ, ಮಂಚದ ಕೆಳಗೆ ತುಂಬಿ, ಪುಸ್ತಕಗಳು ಈಗ ಅಕ್ಕಿ ಡ್ರಮ್ಮಿನ ಮೇಲೂ ಕೂತಿವೆ. ಇನ್ನೊಂದು ಪುಸ್ತಕ ಹೊಸ್ತಿಲು ದಾಟಿದರೆ ಇರುವುದನ್ನೆಲ್ಲ ರದ್ದಿಯವನಿಗೆ ಕೊಡುತ್ತೇನೆಂದು ನನ್ನ ಹೆಂಡತಿ ಗಿರಿಜ ಕಟ್ಟಪ್ಪಣೆ ಮಾಡಿದ್ದಳು. ಆಡಿದ್ದನ್ನು ಮಾಡಿ ತೋರಿಸುವ ಹೆಂಗಸು ಅವಳು.

ಅದೇ ವಾರ ಕಡಲೆಕಾಯಿ ಕೊಳ್ಳಲು ಹೋದೆ. ಅಂಗಡಿಯವನು ಪೊಟ್ಟಣ ಕಟ್ಟಲು ಹರಿಯಹೊರಟಿದ್ದದ್ದು ಒಂದು ಹಳೆಯ ಲ್ಯಾಟಿನ್ ವ್ಯಾಕರಣ. ಲ್ಯಾಟಿನ್ನಿನ ಒಂದಕ್ಷರವೂ ನನಗೆ ಬಾರದು; ನನ್ನನ್ನು ಹಿಡಿದದ್ದು ಅದನ್ನು ಓದಿದ ಹುಡುಗರು. ಒಬ್ಬ ರೋಮಿನ ರಾಣಿಗೆ ಮೀಸೆ ಬರೆದಿದ್ದ. ಇನ್ನೊಬ್ಬ ಕ್ರಿಯಾಪದಗಳ ಪಕ್ಕದಲ್ಲಿ ಗೊರಕೆ ಹೊಡೆಯುವ ಮೇಷ್ಟರನ್ನು ಕೂರಿಸಿದ್ದ. ಮೊದಲ ಪುಟದಲ್ಲಿ ಒಬ್ಬರ ಹೆಸರನ್ನು ಇನ್ನೊಬ್ಬರು ಹೊಡೆದುಹಾಕಿಕೊಂಡು ಬಂದು, ಕೊನೆಗೆ ಒಂದು ಉಳಿದಿತ್ತು: 'ಮಾದಪ್ಪ, ಮುಡುಕುತೊರೆ. ಸಿಕ್ಕಿದವರು ದಯವಿಟ್ಟು ತಲುಪಿಸಿರಿ. ಸರಸ್ವತಿ ಒಳ್ಳೆಯದು ಮಾಡಲಿ.' ಮನೆಗೆ ತರದೆ ಪುಸ್ತಕ ಉಳಿಸುವ ದಾರಿ ಸಿಕ್ಕಿತೆಂದು ಸಂತೋಷವಾಯಿತು. ಪುಸ್ತಕವನ್ನು ಕೇಳಿ ಪಡೆದು, ಅಲ್ಲಿಂದಲೇ ಮುಡುಕುತೊರೆಗೆಂದು ನರಸೀಪುರದ ಬಸ್ಸು ಹತ್ತಿದೆ. ಈಗ ಮುದುಕರಾಗಿರಬೇಕಾದ ಮಾದಪ್ಪನವರ ಕಣ್ಣಲ್ಲಿ ನೀರಾಡುವುದನ್ನು ದಾರಿಯುದ್ದಕ್ಕೂ ಕಲ್ಪಿಸಿಕೊಂಡೆ.

ಮಾದಪ್ಪನವರು ಜಗಲಿಯ ಮೇಲೆ ಕೂತಿದ್ದರು. ನನ್ನ ಕೈಯಲ್ಲಿದ್ದದ್ದನ್ನು ನೋಡಿ ಒಳಕ್ಕೆ ತಿರುಗಿ ಹೇಳಿದರು: "ಲೇ, ಇನ್ನೊಂದೆಲೆ ಆಕು. ಪುಸ್ತಕ ಬಂತು."

ಊಟಕ್ಕೆ ಕೂತ ಮೇಲೆ ಕಥೆ ತಿಳಿಯಿತು. ಡಾಕ್ಟರರ ಚೀಟಿ ಲ್ಯಾಟಿನ್ನಿನಲ್ಲಿರುತ್ತದೆಂದು ಯಾರೋ ಹೇಳಿದ್ದನ್ನು ಕೇಳಿ, ಅವರಪ್ಪ ಮಗನನ್ನು ಮೈಸೂರಿನ ಮಿಷನ್ ಹಾಸ್ಟೆಲಿಗೆ ಸೇರಿಸಿ, ಬೇರೇನೂ ಬೇಡ, ಲ್ಯಾಟಿನ್ ಹೇಳಿಕೊಡಿ ಎಂದು ಪಾದ್ರಿಗಳ ಕಾಲು ಹಿಡಿದಿದ್ದರಂತೆ. ಮಗ ಲ್ಯಾಟಿನ್ ಕಲಿತು, ವಿಜ್ಞಾನದಲ್ಲಿ ಡುಮ್ಕಿ ಹೊಡೆದು, ತಾಲ್ಲೂಕು ಕಚೇರಿ ಸೇರಿದರು. ಪುಸ್ತಕ ಕಂಡಾಗಲೆಲ್ಲ ಅಪ್ಪನ ಮುಖ ನೆನಪಾಗಿ ಸಂಕಟ. ಹದಿನಾರು ಎಂಬ ಊರಿನ ನೆಂಟರಿಗೆ ಕೊಟ್ಟರು, ಸಂತೆಯಲ್ಲಿ ಮರೆತುಬಂದರು. ಪ್ರತಿಸಲವೂ ಯಾರೋ ದೈವಭಕ್ತರು ವಿಳಾಸ ಓದಿ ತಂದುಕೊಟ್ಟರು. ಸರಸ್ವತಿಯನ್ನು ಹೊತ್ತು ತಂದವರನ್ನು ಹಸಿದ ಹೊಟ್ಟೆಯಲ್ಲಿ ಕಳಿಸುವಂತಿಲ್ಲ.

ಹರಿದುಹಾಕಬಹುದಿತ್ತಲ್ಲ ಎಂದೆ. "ನೀವು ಅರೀತಿದ್ರಾ?" ಎಂದರು. ಹೆಸರನ್ನಾದರೂ ಹೊಡೆದುಹಾಕಬಹುದಿತ್ತಲ್ಲ ಎಂದೆ. ತನ್ನ ಹೆಸರನ್ನು ತಾನೇ ಹೊಡೆದುಕೊಳ್ಳುವುದು ಅಪಶಕುನವಂತೆ. ಅದು ಮುಂದಿನ ಒಡೆಯನ ಹಕ್ಕು. ಆ ಒಡೆಯನಿಗಾಗಿ ಅವರು ಇಷ್ಟು ವರ್ಷ ಕಾಯುತ್ತಿದ್ದರು. ಪಾಯಸ ಬಡಿಸಿದ ಮೇಲೆ ಪೆನ್ನು ಬಂತು.

"ನಿಮ್ಗೆ ಪುಸ್ತಕ ಅಂದ್ರೆ ಪ್ರೀತಿ ಅಂತ ಕಾಣ್ತದೆ. ನನ್ ಎಸ್ರು ಒಡ್ದು ನಿಮ್ದು ಬರೀರಿ, ಸಾ."

ಉಂಡ ಮನೆಯಲ್ಲಿ ಇಲ್ಲವೆನ್ನಲು ನಾಲಗೆ ಏಳಲಿಲ್ಲ. ಅವರ ಹೆಸರು ಹೊಡೆದು, ನನ್ನ ಹೆಸರನ್ನು ಬೀದಿಯ ಸಮೇತ ಬರೆದೆ. ನಾನು ಕಲ್ಪಿಸಿಕೊಂಡಿದ್ದ ಕಣ್ಣೀರು ಆಗ ಬಂತು. ಪುಸ್ತಕವನ್ನು ಕಣ್ಣಿಗೊತ್ತಿಕೊಂಡು ಎದ್ದೆ.

ಆದರೆ ಗಿರಿಜಳ ನೆನಪಾಯಿತು. ನರಸೀಪುರದಲ್ಲಿ ಬಸ್ಸು ಬದಲಿಸುವಾಗ ಪುಸ್ತಕವನ್ನು ಸೀಟಿನ ಮೇಲೆ ಬಹಳ ಎಚ್ಚರಿಕೆಯಿಂದ ಮರೆತು, ಕೈಬೀಸಿಕೊಂಡು ಮನೆಗೆ ಬಂದೆ.

ಮಾರನೆಯ ದಿನ ಊಟದ ಹೊತ್ತಿಗೆ ಸುತ್ತೂರು ಕಡೆಯ ಹಿರಿಯರೊಬ್ಬರು ಬಿಸಿಲಲ್ಲಿ ಬೀದಿ ಹುಡುಕಿಕೊಂಡು ಬಂದು ಬಾಗಿಲು ತಟ್ಟಿದರು. ಪುಸ್ತಕವನ್ನು ಕಣ್ಣಿಗೊತ್ತಿಕೊಂಡು ಗಿರಿಜಳ ಕೈಗೇ ಕೊಟ್ಟರು. ಅವಳು ನನ್ನನ್ನೊಮ್ಮೆ ನೋಡಿ, ಬೇರೆ ದಾರಿ ಕಾಣದೆ ತಾನೂ ಕಣ್ಣಿಗೊತ್ತಿಕೊಂಡಳು. ರದ್ದಿಯ ಮಾತು ಅಲ್ಲಿಗೆ ನಿಂತಿತು. ಅನ್ನ ಮಾತ್ರ ಇಬ್ಬರಿಗಷ್ಟೇ ಆಗಿತ್ತು. ನನಗೆ ಹಾಕಿದ್ದ ಎಲೆಗೆ ಅವರನ್ನು ಕೂರಿಸಿದಳು. ನಾನು ಹಸಿದ ಹೊಟ್ಟೆಯಲ್ಲಿ ಪಕ್ಕಕ್ಕೆ ಕೂತು, ಜೇಬಿನಲ್ಲಿ ಪೆನ್ನಿದೆಯೇ ಎಂದು ಮುಟ್ಟಿ ನೋಡಿಕೊಂಡು, ಮೆತ್ತಗೆ ಕೇಳಿದೆ:

"ನಿಮಗೆ ಪುಸ್ತಕ ಅಂದ್ರೆ ಪ್ರೀತಿ ಅಂತ ಕಾಣುತ್ತೆ?"